ಕ್ಯಾಂಪ್ ಕೋಪ್ ಆಲ್ಬಂ: ಎಲ್‌ಪಿಯೋ, ಸ್ಟ್ರೀಮಿಂಗೋ, ಡೌನ್‌ಲೋಡೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಡೌನ್‌ಲೋಡ್‌ಗೆ. ಬ್ಯಾಂಡ್‌ಗಳ ಹಾಡು ಕೊಳ್ಳುವ ವೆಬ್‌ಸೈಟ್ ಬ್ಯಾಂಡ್‌ಕ್ಯಾಂಪ್‌ನಲ್ಲಿ ದುಡ್ಡು ಕೊಟ್ಟು ಕ್ಯಾಂಪ್ ಕೋಪ್‌ನ 2018ರ ಆಲ್ಬಂನ ಫ್ಲ್ಯಾಕ್ (ದನಿಯ ಗುಣಮಟ್ಟ ಕಳೆಯದ) ಫೈಲ್ ಇಳಿಸಿಕೊಂಡದ್ದು ಒಳ್ಳೆಯ ಖರ್ಚು. ಅದೇ ಆಲ್ಬಂನ ಎಲ್‌ಪಿ, ಅಂದರೆ ಸೂಜಿಯಿಟ್ಟು ಕೇಳುವ ತಟ್ಟೆ, ಎಷ್ಟೋ ಜಾಸ್ತಿ ದುಡ್ಡು ತಿಂದಿತು, ನನಗೆ ಬೇಕಾದ ಹಾಡನ್ನೇ ಸರಿಯಾಗಿ ಕೇಳಿಸಲಿಲ್ಲ.

ಕ್ಯಾಂಪ್ ಕೋಪ್ ಮೆಲ್ಬರ್ನ್‌ನ ಮೂವರು ಹೆಣ್ಣುಮಕ್ಕಳ ಪಂಕ್ ಬ್ಯಾಂಡ್. 2015ರಲ್ಲಿ ಶುರುವಾಯಿತು, 2016ರಲ್ಲಿ ಮೊದಲ ಆಲ್ಬಂ ಬಂತು, 2023ರಲ್ಲಿ ನಿಂತಿತು. ಜಾರ್ಜಿಯಾ ಮ್ಯಾಕ್ ಹಾಡುವಾಗ ಗಂಟಲು ಒಡೆದರೆ ಮರೆಮಾಚುವುದಿಲ್ಲ, ತಮ್ಮ ಆಸ್ಟ್ರೇಲಿಯಾದ ಉಚ್ಚಾರಣೆಯನ್ನೂ ತಿದ್ದಿಕೊಳ್ಳುವುದಿಲ್ಲ. 2018ರ ಎರಡನೇ ಆಲ್ಬಂನ ಕೊನೆಯ ಹಾಡಿನಲ್ಲಂತೂ ಬ್ಯಾಂಡೇ ಇಲ್ಲ. ಜಾರ್ಜಿಯಾ ಅವರ ದನಿ, ಒಂದು ಗಿಟಾರ್, ಅಷ್ಟೇ. ಆಸ್ಟ್ರೇಲಿಯಾದ ರೆಡ್‌ಗಮ್ ಎಂಬ ಸಂಗೀತ ತಂಡದಲ್ಲಿದ್ದ ಅವರ ಅಪ್ಪ ಹ್ಯೂ ಮೆಕ್‌ಡೊನಾಲ್ಡ್ 2016ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಹಾಡು ಆ ಅಪ್ಪನ ಬಗ್ಗೆ. ನಾನು ಆಲ್ಬಂ ಕೊಂಡದ್ದೇ ಇದಕ್ಕಾಗಿ.

ಎಲ್‌ಪಿಯಲ್ಲಿ ಕೆಟ್ಟದ್ದೂ ಇದೇ ಹಾಡು. ಬೆಂಗಳೂರಿಗೆ ಬಂದು ತಲುಪುವಷ್ಟರಲ್ಲಿ ತಟ್ಟೆಯ ಅಂಚು ಬಿಸಿಲಿಗಿಟ್ಟ ಹಪ್ಪಳದ ಹಾಗೆ ಮೇಲೆದ್ದಿತ್ತು. ಕಳಿಸಿದ ಅಂಗಡಿಯವರು "ಸ್ವಲ್ಪ ಡೊಂಕು ಸಹಜ, ಪ್ಲೇ ಆಗುತ್ತಲ್ಲ" ಎಂದರು, ವಾಪಸ್ ತೆಗೆದುಕೊಳ್ಳಲಿಲ್ಲ. ಪ್ಲೇ ಆಗುತ್ತದೆ, ನಿಜ. ಆದರೆ ಸೂಜಿ ಏರಿ ಇಳಿದಾಗಲೆಲ್ಲ ಶ್ರುತಿ ತುಸು ಅಲುಗುತ್ತದೆ. ಡ್ರಮ್ಸ್, ಬಾಸ್ ಜೋರಾಗಿರುವ ಹಾಡುಗಳಲ್ಲಿ ಅದು ಮುಚ್ಚಿಹೋಗುತ್ತದೆ. ಒಂಟಿ ದನಿಯ ಹಾಡಿನಲ್ಲಿ ಮುಚ್ಚಲು ಏನಿದೆ?

ಎರಡು ಗಾಜಿನ ಹಲಗೆಗಳ ನಡುವೆ ಇಟ್ಟು ಭಾರ ಹೇರಿದೆ. ಡೊಂಕು ಕಡಿಮೆಯಾಯಿತು, ತೊಂದರೆ ಪೂರ್ತಿ ಹೋಗಲಿಲ್ಲ. ಯಾಕೆಂದರೆ ಕೊನೆಯ ಹಾಡು ತಟ್ಟೆಯ ನಡುವಿನ ಲೇಬಲ್ ಪಕ್ಕದಲ್ಲೇ ಇರುತ್ತದೆ. 12 ಇಂಚಿನ ತಟ್ಟೆಯ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಹಾಡು ಕೊರೆದ ಗೀರು ಸುಮಾರು 50 ಸೆಂ.ಮೀ. ಓಡುತ್ತದೆ. ಒಳಗೆ ಬಂದಾಗ ಅದು 20ರ ಆಸುಪಾಸು. ಅಷ್ಟು ಕಡಿಮೆ ಜಾಗದಲ್ಲಿ ಅದೇ ದನಿ ಹಿಡಿಸಬೇಕು. ಅದಕ್ಕೇ ಅಲ್ಲಿ ಸ, ಶ ಬಂದಾಗಲೆಲ್ಲ ಸರ್ರೆಂದು ಸೀಳಿದಂತೆ ಕೇಳುತ್ತದೆ. ಒಳ್ಳೆಯ ಸ್ಟೈಲಸ್ (ಸೂಜಿ) ಹಾಕಿದರೆ ಸುಧಾರಿಸುತ್ತದೆ, ಆದರೆ ಅದರ ಬೆಲೆಗೆ ಇಂಥ ಎಷ್ಟೋ ಆಲ್ಬಂ ಡೌನ್‌ಲೋಡ್ ಮಾಡಿಕೊಳ್ಳಬಹುದು. ದನಿಯಲ್ಲಿರುವ ನಡುಕ ಜಾರ್ಜಿಯಾ ಅವರದೋ ತಟ್ಟೆಯದೋ ಗೊತ್ತಾಗದಿದ್ದರೆ ನನಗೆ ಈ ಹಾಡು ಕೇಳಿದ ಹಾಗೇ ಅಲ್ಲ.

ಫ್ಲ್ಯಾಕ್‌ನಲ್ಲಿ ಆ ಅನುಮಾನವೇ ಇಲ್ಲ. ಅವರು ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ.

ಸ್ಟ್ರೀಮಿಂಗ್‌ನಲ್ಲಿ ದನಿ ಚೆನ್ನಾಗಿಯೇ ಇದೆ. ಆದರೆ ಹಾಡು ಮುಗಿದ ಕೂಡಲೇ ಆಟೋಪ್ಲೇ ಇನ್ಯಾವುದೋ ಬ್ಯಾಂಡನ್ನು ತಂದು ನಿಲ್ಲಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ. ದುಡ್ಡಿನ ಮಾತೂ ಇದೆ. ಸ್ಪಾಟಿಫೈ 2024ರಿಂದ, 12 ತಿಂಗಳಲ್ಲಿ 1000 ಸಲವೂ ಪ್ಲೇ ಆಗದ ಹಾಡಿಗೆ ರಾಯಲ್ಟಿ ಕೊಡುವುದಿಲ್ಲ. ಈಗಷ್ಟೇ ಶುರುಮಾಡಿದ ಬ್ಯಾಂಡ್‌ಗಳಿಗೇ ಇದರ ಪೆಟ್ಟು. ಬ್ಯಾಂಡ್‌ಕ್ಯಾಂಪ್ ಡೌನ್‌ಲೋಡ್‌ನಲ್ಲಿ ಸಾಮಾನ್ಯವಾಗಿ 15% ಹಿಡಿದುಕೊಳ್ಳುತ್ತದೆ. ಬ್ಯಾಂಡ್‌ಕ್ಯಾಂಪ್ ಫ್ರೈಡೇ ಎಂದು ಸಾರಿದ ದಿನಗಳಲ್ಲಿ ಅದನ್ನೂ ಬಿಡುತ್ತದೆ. ನಾನು ಕೊಳ್ಳುವುದು ಆ ದಿನಗಳಲ್ಲೇ.

ಕ್ಯಾಸೆಟ್ ಬೇಡ, ನನ್ನ ಹತ್ತಿರ ಪ್ಲೇಯರ್ ಇಲ್ಲ.

ನಾನು ಕೇಳುವುದು ಮೆಟ್ರೋದಲ್ಲಿ ಮತ್ತು ರಾತ್ರಿ ಮಲಗುವ ಮುಂಚೆ, ವೈರ್ ಇರುವ ಹೆಡ್‌ಫೋನ್‌ನಲ್ಲಿ. ತಿಂಗಳಿಗೆ ಒಂದು ಆಲ್ಬಂ ಕೊಳ್ಳುವಷ್ಟು ಬಜೆಟ್. ಇದಕ್ಕೆ ಡೌನ್‌ಲೋಡ್ ಸಾಕು. ಕೊಳ್ಳುವ ಮುಂಚೆ ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ವ್ಯವಹಾರ ಆನ್ ಮಾಡಿಕೊಳ್ಳಿ, ಇಲ್ಲದಿದ್ದರೆ ಪೇಮೆಂಟ್ ಹೋಗುವುದಿಲ್ಲ. ದೊಡ್ಡ ಕವರ್ ಕೈಯಲ್ಲಿ ಹಿಡಿಯುವ ಆಸೆ ಇದ್ದರೆ ಎಲ್‌ಪಿಯನ್ನೂ ಬ್ಯಾಂಡ್‌ಕ್ಯಾಂಪ್‌ನಲ್ಲೇ ಹುಡುಕಿ. ಅಲ್ಲಿ ಕೊಂಡರೆ ಸಾಮಾನ್ಯವಾಗಿ ಡೌನ್‌ಲೋಡೂ ಜೊತೆಗೆ ಸಿಗುತ್ತದೆ.