ಗಿರ್ ಸಫಾರಿ: ಸಿಂಹ ಕಂಡದ್ದು ಹತ್ತು ನಿಮಿಷ, ಗೈಡ್ ಮಾತು ಮೂರು ಗಂಟೆ

ಫೆಬ್ರವರಿಯಲ್ಲಿ ಗುಜರಾತಿನ ಸಾಸಣ್ ಗಿರ್‌ಗೆ ಹೋಗಿದ್ದೆವು. ಬೆಳಗಿನ ಮೊದಲ ಸಫಾರಿ. ಒಂದು ಹೆಣ್ಣು ಸಿಂಹ, ಅದರ ಎರಡು ದೊಡ್ಡ ಮರಿಗಳು ತೇಗದ ಒಣ ಎಲೆಗಳ ಮೇಲೆ ಮಲಗಿದ್ದವು. ಎಲೆಯ ಬಣ್ಣ, ಸಿಂಹದ ಬಣ್ಣ ಒಂದೇ. ಗೈಡ್ ಕೈ ತೋರಿಸದಿದ್ದರೆ ನಾವು ಹಾಗೇ ದಾಟಿ ಹೋಗುತ್ತಿದ್ದೆವು. ಹತ್ತು ನಿಮಿಷ ನೋಡಿದೆವು, ಅಷ್ಟೇ. ಉಳಿದ ಹೊತ್ತೆಲ್ಲ ಗೈಡ್ ಜೊತೆ ಮಾತು. ನನಗೆ ಅದೇ ಜಾಸ್ತಿ ಇಷ್ಟವಾಯಿತು.

ನಾನು ದನ ಕಟ್ಟುವ ಮನೆಯಲ್ಲಿ ಬೆಳೆದವಳು. ಚಿಕ್ಕವಳಿದ್ದಾಗ ನಮ್ಮ ಕೊಟ್ಟಿಗೆಯಿಂದ ಚಿರತೆ ಒಂದು ಕರುವನ್ನು ಹೊತ್ತುಕೊಂಡು ಹೋಗಿತ್ತು. ಅಜ್ಜಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅದಕ್ಕೇ ಗೈಡ್‌ಗೆ ಮೊದಲು ಕೇಳಿದ್ದು ಇದನ್ನೇ: ಎಮ್ಮೆ ಕಳೆದುಕೊಂಡವರಿಗೆ ಸಿಂಹದ ಮೇಲೆ ಸಿಟ್ಟು ಬರಲ್ವಾ?

ಅವರು ಮಾಲ್ಧಾರಿ ಮನೆಯವರು. ಅಂದರೆ ದನ, ಎಮ್ಮೆ ಮೇಯಿಸಿ ಹಾಲು, ತುಪ್ಪ ಮಾರಿ ಬದುಕುವವರು. "ಬರುತ್ತೆ ಬೆನ್, ಯಾಕೆ ಬರಲ್ಲ?" ಅಂದರು. ಬೆನ್ ಅಂದರೆ ಗುಜರಾತಿಯಲ್ಲಿ ಅಕ್ಕ. ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಆದರೆ ಹಣ ಬಂದ ಮಾತ್ರಕ್ಕೆ ಕೈಯಾರೆ ಸಾಕಿದ ಎಮ್ಮೆ ವಾಪಸ್ ಬರುತ್ತಾ? ಸಿಟ್ಟು ಬಂದರೂ ವಿಷ ಇಡುವ ಯೋಚನೆ ತಮ್ಮ ಮನೆಯಲ್ಲಿ ಯಾರಿಗೂ ಬಂದಿಲ್ಲ ಎಂದರು. ಅವರ ಅಜ್ಜನ ಕಾಲದಿಂದಲೂ ಸಿಂಹ ಅಲ್ಲೇ ಇದೆ, ಇವರೂ ಅಲ್ಲೇ ಇದ್ದಾರೆ.

ದಾರಿಯಲ್ಲಿ ಒಂದು ನೆಸ್ ತೋರಿಸಿದರು. ನೆಸ್ ಅಂದರೆ ನಮ್ಮ ಹಟ್ಟಿ ಇದ್ದ ಹಾಗೆ. ಮಣ್ಣಿನ ಗೋಡೆಯ ಕೆಲವೇ ಮನೆಗಳು, ಸುತ್ತಲೂ ಎತ್ತರದ ಮುಳ್ಳುಬೇಲಿ. ಒಳಗೆ ಜಾಫರಾಬಾದಿ ಎಮ್ಮೆಗಳು. ದಪ್ಪ ಕೊಂಬು ಮುಖದ ಪಕ್ಕಕ್ಕೆ ಜೋತು ಬಿದ್ದಿರುತ್ತದೆ, ನೋಡಿದರೇ ಗೊತ್ತಾಗುತ್ತದೆ. ಹಗಲು ಕೈಯಲ್ಲೊಂದು ಕೋಲು ಹಿಡಿದು ಮೇಯಿಸುತ್ತಾರೆ, ರಾತ್ರಿ ಬೇಲಿಯೊಳಗೆ ಕೂಡುತ್ತಾರೆ. 1970ರ ದಶಕದಲ್ಲಿ ಇಂಥ ನೂರಾರು ಕುಟುಂಬಗಳನ್ನು ಕಾಡಿನಿಂದ ಹೊರಗೆ ಕಳಿಸಿದರು. ಗೈಡ್ ಮನೆಯವರೂ ಹಾಗೆ ಹೊರಗೆ ಬಂದವರೇ. ಅದನ್ನು ಹೇಳುವಾಗ ಅವರ ದನಿ ಇಳಿಯಿತು. ಸಿಂಹ ಉಳಿದದ್ದರ ಖುಷಿಯ ಜೊತೆ ಈ ನೋವೂ ಇದೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ.

ಏಷ್ಯಾದ ಸಿಂಹ ಕಾಡಿನಲ್ಲಿ ಉಳಿದಿರುವುದು ಜಗತ್ತಿನಲ್ಲಿ ಗಿರ್ ಮತ್ತು ಅದರ ಸುತ್ತಿನ ಸೀಮೆಯಲ್ಲಿ ಮಾತ್ರ. 2020ರಲ್ಲಿ 674 ಇದ್ದವು, 2025ರ ಎಣಿಕೆಯಲ್ಲಿ 891. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದ ಹೊರಗೆ. ಹೊಲ, ಮಾವಿನ ತೋಟ, ಹಳ್ಳದ ಪಕ್ಕ. ರೈತರು ಹೇಗೆ ಸಹಿಸುತ್ತಾರೆ ಅಂದರೆ, ನೀಲಗಾಯ್ ಅನ್ನೋ ದೊಡ್ಡ ಹುಲ್ಲೆ ಮತ್ತು ಕಾಡುಹಂದಿ ಬೆಳೆ ಹಾಳು ಮಾಡುತ್ತವೆ, ಸಿಂಹ ಅವನ್ನು ಹಿಡಿಯುತ್ತದೆ. ಊರಿನೊಳಗೆ ಸಿಂಹ ಬಂದರೆ ಇಲಾಖೆಗೆ ಸುದ್ದಿ ಮುಟ್ಟಿಸಿ, ಜನ ಮುತ್ತಿಕೊಳ್ಳದಂತೆ ನೋಡಿಕೊಳ್ಳಲು ಹಳ್ಳಿಯವರಲ್ಲೇ 'ವನ್ಯಪ್ರಾಣಿ ಮಿತ್ರ'ರು ಇದ್ದಾರೆ.

ಸಫಾರಿ ಮುಗಿದ ಮೇಲೆ, ಕೇಳಿಕೊಂಡದ್ದಕ್ಕೆ, ರಸ್ತೆ ಬದಿಯ ಹೊಲದಲ್ಲಿ ಒಂದು ಬಾವಿ ತೋರಿಸಿದರು. ಎದೆಯೆತ್ತರದ ಹೊಸ ಕಟ್ಟೆ. ಮೊದಲು ಇಂಥ ಬಾವಿಗಳು ನೆಲದ ಮಟ್ಟಕ್ಕೇ ಬಾಯಿ ತೆರೆದುಕೊಂಡಿದ್ದವು. ಕತ್ತಲಲ್ಲಿ ಬೇಟೆ ಅಟ್ಟಿಕೊಂಡು ಬಂದ ಸಿಂಹ ಬಿದ್ದು ಸಾಯುತ್ತಿತ್ತು. ಇಲಾಖೆ, ಸಂಸ್ಥೆಗಳು, ರೈತರು ಸೇರಿ ಸಾವಿರಾರು ಬಾವಿಗಳಿಗೆ ಕಟ್ಟೆ ಕಟ್ಟಿಸಿದ್ದಾರೆ. ಆ ಕಟ್ಟೆಗೆ ಒರಗಿ ನಿಂತು ಒಂದು ಫೋಟೋ ತೆಗೆಸಿಕೊಂಡೆ. ಸಿಂಹದ ಫೋಟೋಗಿಂತ ಅದನ್ನೇ ಎಲ್ಲರಿಗೂ ತೋರಿಸುತ್ತಿದ್ದೇನೆ.

ಬೇಜಾರಾದದ್ದೂ ಇದೆ. ಹಿಂದಿನ ರಾತ್ರಿ ನಾವು ಉಳಿದಿದ್ದ ಕಡೆ ಒಬ್ಬರು ಹತ್ತಿರ ಬಂದು, "ತೋಟದಲ್ಲಿ ರಾತ್ರಿ ಸಿಂಹ ತೋರಿಸ್ತೀನಿ, ಇಷ್ಟು ಕೊಡಿ" ಅಂದರು. ಕರು ಕಟ್ಟಿ ಸಿಂಹವನ್ನು ಕರೆಸುವ ಆಟ ಇದು. ಕಾನೂನು ಪ್ರಕಾರ ಅಪರಾಧ. ದಯವಿಟ್ಟು ಯಾರೂ ಒಪ್ಪಬೇಡಿ. ಸಿಂಹಕ್ಕೆ ಮನುಷ್ಯರ ಸಂಕೋಚ ಬಿಟ್ಟುಹೋದರೆ ಆಮೇಲೆ ಕಷ್ಟ ಪಡುವುದು ಆ ಹಳ್ಳಿಯವರೇ, ಅಲ್ವಾ?

ಹೋಗುವವರಿಗೆ: ಜೂನ್ 16ರಿಂದ ಅಕ್ಟೋಬರ್ 15ರವರೆಗೆ ಕಾಡು ಮುಚ್ಚಿರುತ್ತದೆ. ಪರ್ಮಿಟ್ ಮೊದಲೇ ಆನ್‌ಲೈನಿನಲ್ಲಿ ಮಾಡಿಸಿ, ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯನ್ನೇ ಒಯ್ಯಿರಿ. ತೆರೆದ ಜಿಪ್ಸಿಯಲ್ಲಿ ಬೆಳಗಿನ ಚಳಿ ಜೋರು, ಶಾಲು ಬೇಕೇ ಬೇಕು. ವಯಸ್ಸಾದವರಿದ್ದರೆ ಹತ್ತಿರದ ದೇವಾಲಿಯಾ ಪಾರ್ಕ್ ಸುಲಭ. ಅದು ಬೇಲಿಯೊಳಗಿನ ಕಾಡು, ಬಸ್ಸಿನಲ್ಲಿ ಕರೆದೊಯ್ಯುತ್ತಾರೆ, ಸಿಂಹ ಕಾಣುವುದು ಹೆಚ್ಚುಕಡಿಮೆ ಖಾತ್ರಿ. ಆದರೆ ಅಲ್ಲಿ ನೆಸ್ ಇಲ್ಲ, ಎಮ್ಮೆ ಇಲ್ಲ.

ಸಿಂಹ ಕಾಣದಿದ್ದರೂ ಗೈಡ್ ಮೇಲೆ ರೇಗಬೇಡಿ. ಅವರ ಊರಿನ ವಿಷಯ ಕೇಳಿ. ನಿಮ್ಮೂರಿಗೆ ಸಿಂಹ ಕೊನೆಗೆ ಬಂದದ್ದು ಯಾವಾಗ ಅಂತ ನಾನು ಕೇಳಿದಾಗ, ನಮ್ಮ ಗೈಡ್ ಒಂದು ಕ್ಷಣವೂ ಯೋಚಿಸದೆ ಹೇಳಿದರು: "ಮೊನ್ನೆ ರಾತ್ರಿ."