ಹಳೇ ಡಿಸ್ಕ್‌ಗೆ ತಗೊಂಡ ಯುಎಸ್‌ಬಿ ಕೇಸ್: ಕೇಸ್ ಚೆನ್ನಾಗಿದೆ, ಕೇಬಲ್ ಬೇಡವೇ ಬೇಡ

ಬಿಚ್ಚಿದ ಲ್ಯಾಪ್‌ಟಾಪ್ ಡಿಸ್ಕನ್ನು ಒಳಗಿಟ್ಟು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿಕೊಳ್ಳುವ ಡಬ್ಬಿ ಈ ಕೇಸ್, ತಗೊಂಡು ಎರಡು ವರ್ಷದ ಮೇಲಾಯಿತು. ಮೊದಲೇ ಹೇಳಿಬಿಡುತ್ತೇನೆ, ಜೊತೆಗೆ ಬರುವ ಕೇಬಲ್ ಮಹಾ ಕಿರಿಕಿರಿ. ಗಿಡ್ಡ, ಸಡಿಲ. ಸ್ವಲ್ಪ ಕೈ ತಾಗಿದರೂ ಸಾಕು, ಡಿಸ್ಕ್ ಮಾಯ.

ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ನ ಡಿಸ್ಕ್) ಹಾಕಿಸಿದಾಗ 500 ಜಿಬಿಯ ಹಳೇ ಹಾರ್ಡ್ ಡಿಸ್ಕ್ ಕೈಗೆ ಬಂತು. ಶಿರಸಿ ಕಡೆಯ ನಮ್ಮೂರಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೆ, ಅಪ್ಪನಿಗೆ ಯಕ್ಷಗಾನ, ತಾಳಮದ್ದಳೆ ತುಂಬಿಸಿ ಕೊಡೋಣ ಅಂದುಕೊಂಡೆ. ಆದರೆ ಅದರಲ್ಲಿ ನನ್ನ ಆಧಾರ್, ಪ್ಯಾನ್ ಪ್ರತಿಗಳು, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಇದ್ದವು. ಊರಲ್ಲಿ ಇಂಥ ಡಿಸ್ಕ್ ಒಂದೇ ಮನೆಯಲ್ಲಿ ಕೂರುವುದಿಲ್ಲ, ನೆಂಟರ ಮನೆಗೆಲ್ಲ ಹೋಗಿಬರುತ್ತದೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಫೈಲುಗಳ ಪಟ್ಟಿ ಹೋಗುತ್ತದೆ ಅಷ್ಟೇ, ಒಳಗಿನದು ಹಾಗೇ ಇರುತ್ತದೆ. ಫೋಟೊರೆಕ್‌ನಂಥ ಪುಕ್ಕಟೆ ಸಾಫ್ಟ್‌ವೇರ್ ಇದ್ದರೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು.

ಹಾಗಾಗಿ ವಿಂಡೋಸ್‌ನಲ್ಲೇ ಇರುವ, ಆಜ್ಞೆ ಟೈಪ್ ಮಾಡಿ ನಡೆಸುವ ಡಿಸ್ಕ್‌ಪಾರ್ಟ್‌ನಲ್ಲಿ ‘ಕ್ಲೀನ್ ಆಲ್’ ಕೊಟ್ಟೆ. ಬರೀ ‘ಕ್ಲೀನ್’ ಸಾಲದು, ‘ಆಲ್’ ಸೇರಿಸಿದರೇ ಡಿಸ್ಕಿನ ಪ್ರತಿ ಸೆಕ್ಟರ್‌ಗೂ (ಪುಟ್ಟ ಪುಟ್ಟ ಖಾನೆ) ಸೊನ್ನೆ ಬರೆಯುವುದು. 500 ಜಿಬಿ ಡಿಸ್ಕ್ ವಿಂಡೋಸ್ ಲೆಕ್ಕದಲ್ಲಿ 465 ಜಿಬಿ, ಪಟ್ಟಿಯಲ್ಲಿ ಅಷ್ಟು ತೋರಿಸುವ ಡಿಸ್ಕ್ ಯಾವುದು ಅಂತ ನೋಡಿಕೊಂಡೇ ಆರಿಸಿ. 35 ಸಲ ಅಳಿಸಬೇಕು ಅನ್ನೋದು ಹಳೇ ಮಾತು, ಈಗಿನ ತಿರುಗುವ ಡಿಸ್ಕ್‌ಗೆ ಒಂದು ಸಲ ಸಾಕು. ಎಸ್‌ಎಸ್‌ಡಿ ಆದರೆ ಈ ದಾರಿ ನಂಬಬೇಡಿ, ಅದಕ್ಕೆ ಸೆಕ್ಯೂರ್ ಇರೇಸ್ ಅನ್ನೋ ಅಳಿಸುವ ಕ್ರಮ ಬೇರೆ ಇದೆ.

ಕೇಬಲ್ ಕಾಟ ಶುರುವಾಗಿದ್ದು ಇಲ್ಲೇ. ‘ಕ್ಲೀನ್ ಆಲ್’ ಎಷ್ಟು ಮುಗಿಯಿತು ಅಂತ ತೋರಿಸುವುದಿಲ್ಲ. ಕಪ್ಪು ಪರದೆ ನೋಡುತ್ತಾ ಸುಮ್ನೆ ಕಾಯಬೇಕು, ಹೆಚ್ಚುಕಡಿಮೆ ಎರಡು ಗಂಟೆ. ಮಧ್ಯೆ ಕೇಬಲ್ ಅಲುಗಿದರೆ ಮತ್ತೆ ಮೊದಲಿನಿಂದ. ಕೇಸ್ ಕಡೆಯ ಅಗಲದ ಮೈಕ್ರೋ-ಬಿ ತುದಿಯಲ್ಲಿ ಎರಡು ಭಾಗ ಇರುತ್ತದೆ, ಅದರಲ್ಲಿ ಒಂದು ಸರಿಯಾಗಿ ಕೂರದಿದ್ದರೆ ಯುಎಸ್‌ಬಿ 2ರ ವೇಗಕ್ಕೆ ಇಳಿಯುತ್ತದೆ. ಸೆಕೆಂಡಿಗೆ 100 ಎಂಬಿ ಹತ್ತಿರ ಬರುತ್ತಿದ್ದದ್ದು 35ಕ್ಕೆ ಬಿತ್ತು. ಅಂಗಡಿಯವರನ್ನು ಕೇಳಿದರೆ ನಿಮ್ಮ ಡಿಸ್ಕೇ ಹಳೇದು ಅಂದುಬಿಟ್ಟರು. ತುಂಬಾ ಸಿಟ್ಟು ಬಂತು. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಪೆಂಡಿಂಗ್ (ಓದಲು ತಕರಾರು ಮಾಡುವ) ಸೆಕ್ಟರ್ ಸೊನ್ನೆ, ರೀಅಲೊಕೇಟೆಡ್ (ಕೆಟ್ಟು ಬದಲಾದ) ಸೆಕ್ಟರ್ ಸೊನ್ನೆ. ಡಿಸ್ಕ್ ಗಟ್ಟಿಮುಟ್ಟಾಗಿಯೇ ಇತ್ತು!

ಕೊನೆಗೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಬೇರೆ ಕೇಬಲ್ ತಂದೆ, ದಪ್ಪನೆಯದು. ಆಮೇಲೆ ಒಂದು ದಿನವೂ ತೊಂದರೆ ಕೊಟ್ಟಿಲ್ಲ.

ಅಳಿಸಿದ ಮೇಲೆ ಡಿಸ್ಕನ್ನು ಮತ್ತೆ ಫಾರ್ಮ್ಯಾಟ್ ಮಾಡಬೇಕಲ್ಲ, ಎಫ್‌ಎಟಿ32 ಅನ್ನೋ ಬಗೆ ಆರಿಸಲಿಲ್ಲ, 4 ಜಿಬಿ ದಾಟಿದ ಫೈಲ್ ಅದರಲ್ಲಿ ಕೂರದು, ಇಡೀ ರಾತ್ರಿಯ ಆಟದ ವಿಡಿಯೊ ಅದಕ್ಕಿಂತ ಜಾಸ್ತಿ. ಎನ್‌ಟಿಎಫ್‌ಎಸ್ ಮಾಡಿದೆ. ನಮ್ಮ ಟಿವಿ ಅದನ್ನು ಓದುತ್ತದೆ, ಕಾಪಿ ಮಾಡುವಾಗ ಕರೆಂಟ್ ಹೋದರೂ ಅದು ಇನ್ನೊಂದು ಬಗೆಯಾದ ಎಕ್ಸ್‌ಫ್ಯಾಟ್‌ಗಿಂತ ವಾಸಿ. ಒಂದೇ ತಾಪತ್ರಯ, ಟಿವಿಯಲ್ಲಿ ಕನ್ನಡ ಹೆಸರು ಬರೀ ಚೌಕಗಳಾಗಿ ಕಾಣುತ್ತದೆ. ಅದಕ್ಕೆ ಪ್ರತಿ ಪ್ರಸಂಗಕ್ಕೂ ನಂಬರ್ ಕೊಟ್ಟಿದ್ದೇನೆ. ಯಾವ ನಂಬರ್ ಯಾವ ಪ್ರಸಂಗ, ಅರ್ಥಧಾರಿಗಳು ಯಾರು ಅಂತ ಅಪ್ಪ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ಟಿವಿ ಪಕ್ಕ ಅಂಟಿಸಿದ್ದಾರೆ, ಚೆನ್ನಾಗಿದ್ದದ್ದಕ್ಕೆ ಕೆಂಪು ಗೆರೆ. ಸಂಜೆ ಅಡಿಕೆ ಸುಲಿಯಲು ಎಲ್ಲರೂ ಕೂತಾಗ ‘ಹದಿನಾಲ್ಕು ಹಾಕು’ ಅಂದರೆ ಸಾಕು, ಅಮ್ಮ ರಿಮೋಟ್ ಒತ್ತುತ್ತಾಳೆ. ನಾನು ಊರಿಗೆ ಹೋದಾಗ ಬೇಡದ ನಂಬರ್‌ಗಳ ಪಟ್ಟಿ ರೆಡಿ ಇರುತ್ತದೆ, ಅವನ್ನು ತೆಗೆದು ಹೊಸದು ಹಾಕುತ್ತೇನೆ. ಇಷ್ಟು ಖುಷಿ ಒಂದು ಹಳೇ ಡಿಸ್ಕ್‌ನಿಂದ ಸಿಗುತ್ತದೆ ಅಂತ ನಾನು ಎಣಿಸಿರಲಿಲ್ಲ.

ಹೊಸ ಡಿಸ್ಕ್‌ನ ದುಡ್ಡು ಉಳಿಯಿತು, ಆದ್ದರಿಂದ ಕೇಸ್ ತಗೊಳ್ಳಿ ಅಂತಲೇ ಹೇಳುತ್ತೇನೆ. ನಿಮ್ಮ ಡಿಸ್ಕ್ 9.5 ಮಿಲಿಮೀಟರ್ ದಪ್ಪದ್ದಾದರೆ ಹಿಡಿಸುತ್ತದಾ ನೋಡಿ. ಕೇಬಲ್ ಖರ್ಚು ಬೇರೆ ಇಟ್ಟುಕೊಳ್ಳಿ. ತಯಾರಿಸುವವರು ಇದಕ್ಕೆ ಟೈಪ್-ಸಿ ಕೊಟ್ಟರೆ ನಾನೇ ಇನ್ನೊಂದು ತಗೊಳ್ಳುತ್ತೇನೆ, ತಂಗಿಯ ಲ್ಯಾಪ್‌ಟಾಪಿನ ಡಿಸ್ಕ್ ಈಗಾಗಲೇ ಬಿಚ್ಚಿಟ್ಟಿದ್ದೇವೆ.