ಜಿಲೇಬಿ ಮೀನಿಗೆ ಯಾವ ಫ್ಲೈ? ತೋಟದ ಕೆರೆಯಲ್ಲಿ ಮೂರನ್ನು ಕಟ್ಟಿ ಹಾಕಿ ನೋಡಿದ್ದು

ಫೆಬ್ರವರಿ ಕೊನೆಗೆ ಕಾಫಿಗೆ ಸ್ಪ್ರಿಂಕ್ಲರ್ ಶುರುವಾಯಿತೆಂದರೆ ಗೋಣಿಕೊಪ್ಪದ ಹತ್ತಿರದ ನಮ್ಮ ತೋಟದ ಕೆರೆ ದಿನದಿನಕ್ಕೂ ಇಳಿಯುತ್ತದೆ. ದಡದ ತೆಳುನೀರಿನಲ್ಲಿ ಗಂಡು ಜಿಲೇಬಿಗಳು (ತಿಲಾಪಿಯಾ ಮೀನುಗಳು) ತೋಡಿಕೊಂಡ ತಟ್ಟೆಯಗಲದ ಗುಂಡಿಗಳು ಕಾಣುತ್ತವೆ. ಅಮೆರಿಕದ ಕೆರೆಗಳಲ್ಲಿ ಬ್ಲೂಗಿಲ್ ಎಂಬ ಮೀನೂ ಹೀಗೇ ದಡದಲ್ಲಿ ಗುಂಡಿ ತೋಡಿ ಕಾವಲು ಕೂರುತ್ತದೆ. ಬಾಣಲೆಗೆ ಹಿಡಿಸುವಷ್ಟೇ ಗಾತ್ರದ ಇಂಥ ಮೀನುಗಳಿಗೆ ಅಲ್ಲಿ ಪ್ಯಾನ್‌ಫಿಶ್ ಅನ್ನುತ್ತಾರೆ. ನಮ್ಮ ಕೆರೆಯಲ್ಲಿ ಬ್ಲೂಗಿಲ್ಲೂ ಇಲ್ಲ, ಅಲ್ಲಿನ ಬೇಟೆ ಮೀನು ಬಾಸೂ ಇಲ್ಲ. ಆದರೆ ಬ್ಲೂಗಿಲ್ ಜಾಗದಲ್ಲಿ ಜಿಲೇಬಿ ಇದೆ, ಬಾಸ್ ಜಾಗದಲ್ಲಿ ಹೊಂಚುಹಾಕಿ ಹೊಡೆಯುವ ಕೊರವ ಇದೆ. ಹಾಗಾಗಿ ಆ ಮೀನುಗಳಿಗೆಂದು ಅಲ್ಲಿನವರು ಕಟ್ಟುವ ಮೂರು ಸರಳ ಫ್ಲೈಗಳನ್ನು, ಅಂದರೆ ಹುಳವೋ ಮರಿಮೀನೋ ಅನ್ನಿಸುವಂತೆ ಗರಿ, ದಾರ ಸುತ್ತಿದ ಗಾಳಗಳನ್ನು, ಮನೆಯಲ್ಲಿ ಸಿಕ್ಕ ಸಾಮಾನಿನಿಂದಲೇ ಕಟ್ಟಿ, ಮಾರ್ಚ್ ಪೂರ್ತಿ ಸಂಜೆ ಹೊತ್ತು ಹಾಕಿ ನೋಡಿದೆ.

ನನ್ನ ಜೊತೆ ದಡದಲ್ಲಿ ಕೂರುತ್ತಿದ್ದವರು ಮಾವ. ಅವರದ್ದು ಬಿದಿರಿನ ಕೋಲು, ಎರೆಹುಳ. ಮೊದಲ ದಿನ ನನ್ನ ಡಬ್ಬಿ ನೋಡಿ, "ಎಂಥಮ್ಮ ಇದು, ಕೋಳಿ ಪುಕ್ಕ ತಿನ್ನೋಕೆ ಮೀನಿಗೆ ಬುದ್ಧಿ ಇಲ್ವಾ?" ಅಂದರು. ಎರೆಹುಳ ಹಾಕಿದ ಅವರಿಗೇ ಹೆಚ್ಚು ಮೀನು ಬಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಈ ಹೋಲಿಕೆ ಫ್ಲೈ ಫ್ಲೈಗಳ ನಡುವೆ ಮಾತ್ರ.

ಮೊದಲನೆಯದು ಫೋಮ್ ಸ್ಪೈಡರ್, ನೀರಿನ ಮೇಲೆ ತೇಲುವುದು. ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳ ಕ್ರಾಫ್ಟಿಗೆ ಮಾರುವ 2 ಮಿಲಿಮೀಟರ್ ದಪ್ಪದ ಫೋಮ್ ಹಾಳೆ ಸಾಕು. 10ನೇ ನಂಬರಿನ ಗಾಳದ ಮೇಲೆ ಮೊದಲು ಹೊಲಿಗೆ ದಾರವನ್ನು ಒತ್ತಾಗಿ ಸುತ್ತಬೇಕು. ಬರೀ ಗಾಳದ ಮೇಲೆ ಕಟ್ಟಿದರೆ ಫೋಮ್ ಗಿರ್ರನೆ ತಿರುಗುತ್ತದೆ. ಫೋಮ್ ಪಟ್ಟಿಯ ತುದಿಯನ್ನು ಗಾಳದ ಬಾಗಿನ ಹತ್ತಿರ ಕಟ್ಟಿ, ಮುಂದಕ್ಕೆ ಮಡಚಿ, ನಡುವಿನಲ್ಲಿ ಇನ್ನೊಂದು ಕಟ್ಟು. ಕಾಲುಗಳಿಗೆ ಹಳೆಯ ಎಲಾಸ್ಟಿಕ್ ಪಟ್ಟಿ ಬಿಚ್ಚಿ ತೆಗೆದ ರಬ್ಬರ್ ಎಳೆ. ಅಕ್ಕಪಕ್ಕ ಎರಡೆರಡು. ಗಂಟಿನ ಮೇಲೆ ಒಂದು ಹನಿ ನೇಲ್ ಪಾಲಿಶ್. ಐದು ನಿಮಿಷದ ಕೆಲಸ. ಬಿಗಿ ಹೆಚ್ಚಾದರೆ ದಾರ ಫೋಮನ್ನೇ ಕತ್ತರಿಸುತ್ತದೆ, ಅದೊಂದು ಕೈಗೆ ಅಭ್ಯಾಸವಾಗಬೇಕು. ನನ್ನ ಮೊದಲ ನಾಲ್ಕು ಹಾಗೇ ಹೋದವು.

ನೀರಿಗೆ ಬಿದ್ದ ಮೇಲೆ ಇದನ್ನು ಎಳೆಯಬಾರದು. ಬಿದ್ದ ಅಲೆಯ ಉಂಗುರಗಳು ಪೂರ್ತಿ ಮಾಯವಾಗುವ ತನಕ ಕಾದು, ಆಮೇಲೆ ಒಂದೇ ಒಂದು ಸಲ ನಡುಗಿಸಬೇಕು. ಬೆರಳುದ್ದದ ಬೆಳ್ಳಿ ಮೀನುಗಳು ಕಾಲು ಹಿಡಿದು ಜಗ್ಗುತ್ತವೆ, ಜಿಲೇಬಿ ಮಾತ್ರ ಕೆಳಗೆ ಬಂದು ನೋಡಿ ಹೋಗುತ್ತದೆ. ಹತ್ತು ಸಂಜೆಗಳಲ್ಲಿ ಇದಕ್ಕೆ ಬಿದ್ದ ದೊಡ್ಡ ಜಿಲೇಬಿ ಎರಡೇ. ಆದರೂ ಹೊಸದಾಗಿ ಕಲಿಯುವವರಿಗೆ ಇದನ್ನೇ ಕಟ್ಟಿ ಅನ್ನುತ್ತೇನೆ. ಮೀನು ಬರುವುದು, ಅನುಮಾನಿಸುವುದು, ತಿರುಗುವುದು ಎಲ್ಲವೂ ಕಣ್ಣೆದುರಿಗೇ ಕಾಣುತ್ತದೆ. ಆ ಕಲಿಕೆ ಮುಳುಗುವ ಫ್ಲೈಗಳಲ್ಲಿ ಸಿಗುವುದಿಲ್ಲ.

ಎರಡನೆಯದು ವೂಲಿ ಬಗ್ಗರ್. 1967ರಲ್ಲಿ ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸ್ಸಿಂಗ್ ಎಂಬವರು ಸ್ಮಾಲ್‌ಮೌತ್ ಬಾಸ್ ಹಿಡಿಯಲೆಂದು, ಕಲ್ಲಿನಡಿ ಇರುವ ಒಂದು ನೀರುಹುಳವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು. ಮೃದುವಾದ ಬಾಲ, ಉಣ್ಣೆಯ ಮೈ, ಮೈಯುದ್ದಕ್ಕೂ ಸುತ್ತಿದ ಹುಂಜದ ಗರಿ. ಬಾಲಕ್ಕೆ ಅಲ್ಲಿ ಮರಬೂ ಎಂಬ ಟರ್ಕಿ ಕೋಳಿಯ ತುಪ್ಪುಳ ಬಳಸುತ್ತಾರೆ. ನಾನು ನಾಟಿ ಕೋಳಿಯ ಮೈಗರಿಯ ಬುಡದಲ್ಲಿರುವ ಬೂದು ತುಪ್ಪುಳ ಬಳಸಿದೆ, ನೀರಿನಲ್ಲಿ ಉಸಿರಾಡಿದ ಹಾಗೇ ಆಡುತ್ತದೆ. ಮೈಗೆ ಸ್ವೆಟರ್ ಹೆಣೆದು ಉಳಿದ ಕಪ್ಪು ಉಲ್ಲನ್.

ತೊಂದರೆ ಬಂದದ್ದು ಹುಂಜದ ಗರಿಯಲ್ಲಿ. ಜಿಲೇಬಿಯ ಬಾಯಲ್ಲಿ ಸಣ್ಣ ಹಲ್ಲಿನ ಸಾಲು ಇರುತ್ತದೆ. ಎರಡು ಮೀನಿಗೇ ಗರಿಯ ಕಡ್ಡಿ ತುಂಡಾಗಿ ಪುಕ್ಕವೆಲ್ಲ ಬಿಚ್ಚಿಕೊಳ್ಳುತ್ತಿತ್ತು. ಇದಕ್ಕೆ ಮದ್ದು ಗರಿ ಸುತ್ತಿದ ದಿಕ್ಕಿಗೆ ವಿರುದ್ಧವಾಗಿ, ಅದರ ಮೇಲೆ ಸುತ್ತುವ ತೆಳು ತಂತಿ. ತೋಟದವರಿಗೆ ತಂತಿಗೆ ಬರವಿಲ್ಲ, ಪಂಪ್ ಮೋಟರ್ ರಿವೈಂಡಿಂಗ್ ಮಾಡುವ ಅಂಗಡಿಯಲ್ಲಿ ಸುಟ್ಟ ಸುರುಳಿಯ ತಾಮ್ರದ ತಂತಿ ಕೇಳಿದರೆ ಕೊಡುತ್ತಾರೆ. ಅದನ್ನು ಐದು ಸುತ್ತು ಹಾಕಿದ ಮೇಲೆ ಒಂದೇ ಫ್ಲೈ ಮೂರು ಸಂಜೆ ಬಾಳಿತು. ತಂತಿಯ ಭಾರಕ್ಕೆ ಫ್ಲೈ ನಿಧಾನವಾಗಿ, ಮೈ ಅಡ್ಡವಾಗಿಯೇ ಮುಳುಗಲೂ ಶುರುಮಾಡಿತು. ಜಿಲೇಬಿ ಅದನ್ನು ಹಿಡಿಯುವುದು ಈ ಮುಳುಗುವ ಹೊತ್ತಿನಲ್ಲೇ. ಎಳೆಯುವಾಗ ಹಿಡಿದದ್ದು ಕಡಿಮೆ.

ಬಾಲವನ್ನು ಪುಸ್ತಕದ ಅಳತೆಗೆ, ಅಂದರೆ ಗಾಳದ ಉದ್ದಕ್ಕೆ ಬಿಟ್ಟಾಗ ತಟತಟ ತಟ್ಟುವುದಷ್ಟೇ ಗೊತ್ತಾಗುತ್ತಿತ್ತು, ಮೀನು ಸಿಕ್ಕುತ್ತಿರಲಿಲ್ಲ. ಅದು ಬಾಲದ ತುದಿಯನ್ನಷ್ಟೇ ಕಚ್ಚಿ ಬಿಡುತ್ತಿತ್ತು. ದಡದಲ್ಲೇ ಕೂತು ಉಗುರಿನಿಂದ ಬಾಲ ಚಿವುಟಿ ಅರ್ಧ ಮಾಡಿದೆ. ಮುಂದಿನ ಎಸೆತಕ್ಕೇ ಅಂಗೈಯಗಲದ ಜಿಲೇಬಿ ಬಂತು. ಚಿವುಟಿ ತೆಗೆಯಬೇಕು, ಕತ್ತರಿಯಿಂದ ಕತ್ತರಿಸಿದರೆ ತುದಿ ಪೊರಕೆಯ ಹಾಗೆ ನಿಲ್ಲುತ್ತದೆ.

ಮೂರನೆಯದು ಕ್ಲೌಸರ್ ಮಿನೊ. ಇದೂ ಪೆನ್ಸಿಲ್ವೇನಿಯಾದ್ದೇ, ಬಾಬ್ ಕ್ಲೌಸರ್ ಸಸ್ಕ್ವೆಹಾನ ನದಿಯ ಬಾಸ್ ಮೀನಿಗೆ ಕಟ್ಟಿದ್ದು. ಗಾಳದ ಮೇಲ್ಭಾಗಕ್ಕೆ ಭಾರದ ಎರಡು ಕಣ್ಣು ಕಟ್ಟುವುದರಿಂದ ಇಡೀ ಫ್ಲೈ ಮಗುಚಿ, ಗಾಳದ ಮೊನೆ ಮೇಲಾಗಿ ಈಜುತ್ತದೆ. ಕೆಸರಿಗೂ ಬೇರಿಗೂ ಸಿಕ್ಕಿಕೊಳ್ಳುವುದು ಕಡಿಮೆ. ಮೂಲದಲ್ಲಿ ಇದಕ್ಕೆ ಜಿಂಕೆ ಬಾಲದ ಕೂದಲು ಬೇಕು. ಇಲ್ಲಿ ಅದನ್ನು ಯೋಚಿಸಲೂ ಬಾರದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಿಂಕೆಗೂ ಕಾಡುಕೋಳಿಗೂ ಅನ್ವಯಿಸುತ್ತದೆ. ಬ್ರಿಟಿಷರ ಹಳೆಯ ಸಾಲ್ಮನ್ ಫ್ಲೈಗಳ ಕೆನ್ನೆಯ ಮೇಲೆ ಹೊಳೆಯುವ ಚುಕ್ಕೆಗರಿ ನಮ್ಮ ಬೂದು ಕಾಡುಕೋಳಿಯ ಕತ್ತಿನದು. ಬೆಳಗ್ಗೆ ಅದರ ಕೂಗು ಕೇಳುವಾಗಲೆಲ್ಲ ನನಗೆ ಆ ಗರಿ ಅದರ ಕತ್ತಿನಲ್ಲೇ ಇರಲಿ ಅನಿಸುತ್ತದೆ. ಹಾಗಾಗಿ ಮೇಕೆ ಬಾಲದ ಬಿಳಿ ಕೂದಲು ಕಟ್ಟಿದೆ, ಕಣ್ಣಿಗೆ ಕೀಚೈನಿನ ಮಣಿಸರಪಳಿಯಿಂದ ಎರಡು ಮಣಿ.

ಜಿಲೇಬಿ ಇದನ್ನು ಮೂಸಲೂ ಇಲ್ಲ. ಅದರ ಬಾಯಿ ಚಿಕ್ಕದು, ತಿನಿಸನ್ನು ನೀರಿನ ಜೊತೆ ಹೀರಿಕೊಳ್ಳುವ ಮೀನು. ಭಾರವಾದದ್ದು ಹೀರಿದರೆ ಒಳಗೆ ಹೋಗುವುದಿಲ್ಲ. ತೂಬಿನ ಹತ್ತಿರದ ಆಳದಲ್ಲಿ ಮಾತ್ರ ಒಂದು ಕೊರವ ಹೊಡೆದ ರಭಸಕ್ಕೆ ಕೈ ಜುಮ್ಮೆಂದಿತು. ಒಂದೇ. ಈ ಭಾರದ ಕಣ್ಣು ಎಸೆಯುವಾಗ ಕಿವಿಯ ಪಕ್ಕ ಹಾಯುತ್ತದೆ, ಕನ್ನಡಕ ಟೋಪಿ ಇಲ್ಲದೆ ಎಸೆಯಬೇಡಿ. ನಮ್ಮ ಕೆರೆಯ ಹಿಂದೆ ಸಾಲಾಗಿ ಸಿಲ್ವರ್ ಓಕ್ ಇವೆ. ಎರಡು ಕ್ಲೌಸರ್ ಇನ್ನೂ ಅಲ್ಲೇ ನೇತಾಡುತ್ತಿವೆ. ಕೊರವ ಮರಿಗಳ ಕೆಂಪು ಗುಂಪು ಮೇಲೆ ಕಂಡರೆ ಅತ್ತ ಯಾವ ಫ್ಲೈಯನ್ನೂ ಹಾಕುವುದಿಲ್ಲ. ಕೆಳಗೆ ಕಾವಲಿರುವ ತಂದೆತಾಯಿ ಸಿಟ್ಟಿಗೆ ಹೊಡೆಯುತ್ತವೆ, ಅವನ್ನು ಎತ್ತಿದರೆ ಮರಿಗಳು ಬೇರೆ ಮೀನಿನ ಪಾಲು.

ಒಂದನ್ನೇ ಕಟ್ಟುವುದಾದರೆ ತಂತಿ ಸುತ್ತಿದ, ಬಾಲ ಗಿಡ್ಡವಾದ ಕಪ್ಪು ಬಗ್ಗರ್, 10ನೇ ನಂಬರ್. ಕಂದು, ಹಸಿರು ಉಲ್ಲನ್ನಿನಲ್ಲೂ ಕಟ್ಟಿ ನೋಡಿದೆ, ನನಗೆ ವ್ಯತ್ಯಾಸ ಕಾಣಲಿಲ್ಲ. ಮುಳುಗುವ ವೇಗ ಸ್ವಲ್ಪ ಬದಲಾದರೂ ವ್ಯತ್ಯಾಸ ಕಂಡಿತು. ಮೂರಕ್ಕೂ ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದೆ. ಸಣ್ಣ ಬೆಳ್ಳಿ ಮೀನುಗಳು ಗಾಯವಿಲ್ಲದೆ ಕೆರೆಗೆ ವಾಪಸ್ಸು. ಜಿಲೇಬಿ 1952ರಲ್ಲಿ ಭಾರತಕ್ಕೆ ತಂದ ಆಫ್ರಿಕಾದ ಮೀನು, ಬಿಟ್ಟರೆ ಕೆರೆಯೆಲ್ಲ ಅದೇ ಆಗುತ್ತದೆ, ಅದು ನಮ್ಮ ಕಡೆಯ ಹುಳಿ ಕಾಚಂಪುಳಿ ಹಾಕಿದ ಸಾರಿಗೆ.

ಗರಿಗಳನ್ನು ಸೋಪಿನಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿ, ನುಸಿಗುಳಿಗೆ ಹಾಕಿ ಡಬ್ಬಿ ಮುಚ್ಚಿ. ಕಕ್ಕಡ ತಿಂಗಳ ಜೋರು ಮಳೆಗೆ ಇಲ್ಲಿ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ, ಗಾಳಕ್ಕೆ ತುಕ್ಕು.

ಈ ಲೆಕ್ಕವೆಲ್ಲ ತಲೆಕೆಳಗಾದದ್ದು ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮರುದಿನ ಸಂಜೆ. ಗೆದ್ದಲಿನ ರೆಕ್ಕೆಹುಳಗಳು ಎದ್ದು ಕೆರೆಯ ಮೇಲೆ ಉದುರುತ್ತಿದ್ದವು, ನೀರೆಲ್ಲ ಕೊತಕೊತ ಕುದಿದ ಹಾಗೆ ಮೀನು ಮೇಲೆದ್ದಿತ್ತು. ಬಗ್ಗರನ್ನು ಯಾವುದೂ ಮುಟ್ಟಲಿಲ್ಲ. ಫೋಮ್ ಸ್ಪೈಡರ್ ಕಟ್ಟಿ ಹಾಕಿದೆ, ಬೆಳಕು ಹೋಗುವಷ್ಟರಲ್ಲಿ ಒಂಬತ್ತು ಜಿಲೇಬಿ. ಮಾವನ ಎರೆಹುಳಕ್ಕೆ ಒಂದೂ ಇಲ್ಲ. ಕೋಲು ಬದಿಗಿಟ್ಟು ಬಂದು, "ಅದನ್ನ ಒಂಚೂರು ಇಲ್ಲಿ ಕೊಡಮ್ಮ, ನೋಡುವ" ಅಂದರು. ಬಿದಿರಿನ ಕೋಲಿಗೇ ಕಟ್ಟಿಕೊಟ್ಟೆ.